ದತ್ತು ಮಕ್ಕಳ ಮನಸ್ಸು: ಎಳವೆಯ ಕೊರತೆ ಎಷ್ಟು ಕಾಲ ಉಳಿಯುತ್ತದೆ?

ಎಳವೆಯಲ್ಲಿ ಆರೈಕೆ ಸಿಗದ ಮಗುವಿನ ಗಾಯ, ಒಳ್ಳೆಯ ಕುಟುಂಬ ದತ್ತು ಪಡೆದ ಮೇಲೆ ಪೂರ್ತಿ ಮಾಸುತ್ತದೆಯೇ? ಈ ಬಗ್ಗೆ ನಡೆದ ಪ್ರಮುಖ ಅಧ್ಯಯನವೊಂದರ ಸಾರವನ್ನು ದತ್ತು ಹೆತ್ತವರಿಗೂ ಧರ್ಮಕೇಂದ್ರಗಳ ಕಾರ್ಯಕರ್ತರಿಗೂ ಉಪಯೋಗವಾಗಲೆಂದು ಇಲ್ಲಿ ನೀಡುತ್ತಿದ್ದೇವೆ.

ಹಿನ್ನೆಲೆ

ರೊಮೇನಿಯಾದಲ್ಲಿ ಚೌಶೆಸ್ಕು ಆಡಳಿತವು ಜನಸಂಖ್ಯೆ ಹೆಚ್ಚಿಸಲು ಕೈಗೊಂಡ ಬಲವಂತದ ಕ್ರಮಗಳಿಂದಲೂ ಬಡತನದಿಂದಲೂ ಸಾವಿರಾರು ಮಕ್ಕಳು ಸರಕಾರಿ ಅನಾಥಾಲಯಗಳನ್ನು ಸೇರಿದ್ದರು. ಅಲ್ಲಿ ಆಹಾರ ಸಾಲದು, ಎತ್ತಿ ಆಡಿಸುವವರಿಲ್ಲ, ಮಾತನಾಡಿಸುವವರಿಲ್ಲ. 1989ರ ಡಿಸೆಂಬರಿನಲ್ಲಿ ಆ ಆಡಳಿತ ಉರುಳಿದ ಬಳಿಕ ಅನೇಕ ಮಕ್ಕಳು ವಿದೇಶಗಳಿಗೆ ದತ್ತು ಹೋದರು. ಹೀಗೆ ಬ್ರಿಟನ್ನಿಗೆ ಬಂದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ಬಾಲ್ಯದಿಂದ ಯೌವನದವರೆಗೆ ಗಮನಿಸಿದರು. ಹೋಲಿಕೆಗೆ, ಇಂಥ ಕಷ್ಟ ಕಾಣದೆ ಬ್ರಿಟನ್ನಿನೊಳಗೇ ದತ್ತು ಹೋದ 52 ಮಕ್ಕಳಿದ್ದರು.

ಕಂಡುಬಂದ ಸಂಗತಿಗಳು

2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಮುಖ್ಯಾಂಶಗಳು:

1. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಕಾಲ ಇದ್ದ ಮಕ್ಕಳು ಬ್ರಿಟಿಷ್ ದತ್ತು ಮಕ್ಕಳಂತೆಯೇ ಬೆಳೆದರು.

2. ಅದಕ್ಕಿಂತ ಹೆಚ್ಚು ಕಾಲ ಇದ್ದ ಅನೇಕರಲ್ಲಿ ಗಮನದ ಕೊರತೆ, ಅತಿ ಚಟುವಟಿಕೆ, ಅಪರಿಚಿತರೊಡನೆ ಎಗ್ಗಿಲ್ಲದ ಸಲಿಗೆ, ಆಟಿಸಂ ಹೋಲುವ ಲಕ್ಷಣಗಳು ಯೌವನದವರೆಗೂ ಉಳಿದವು.

3. ಬುದ್ಧಿಶಕ್ತಿಯಲ್ಲಿ ಹಿಂದಿದ್ದವರು ಬೆಳೆದಂತೆ ಸಾಮಾನ್ಯ ಮಟ್ಟಕ್ಕೆ ಬಂದರು. ಆದರೆ ಖಿನ್ನತೆ, ಆತಂಕದಂಥ ತೊಂದರೆಗಳು ಹದಿಹರೆಯದ ನಂತರ ಹೆಚ್ಚಾದವು.

4. ದೀರ್ಘ ಕಾಲ ಕಷ್ಟಪಟ್ಟವರಲ್ಲಿಯೂ ಸುಮಾರು ಐದರಲ್ಲೊಬ್ಬರಿಗೆ ಯಾವ ಹಂತದಲ್ಲಿಯೂ ಇಂಥ ಸಮಸ್ಯೆ ಕಾಣಲಿಲ್ಲ.

ನಾವು ತಿಳಿಯಬೇಕಾದುದು

ರೊಮೇನಿಯಾದ ಸ್ಥಿತಿ ಅತಿ ಘೋರವಾದುದು. ಅದನ್ನು ಎಲ್ಲ ಅನಾಥಾಲಯಗಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಎರಡು ಮಾತು ಸ್ಪಷ್ಟ. ಮಗು ಬೇಗ ಕುಟುಂಬ ಸೇರಿದಷ್ಟೂ ಒಳಿತು. ಒಳ್ಳೆಯ ಮನೆಯಲ್ಲಿಯೂ ಕೆಲವು ತೊಂದರೆಗಳು ಉಳಿಯಬಹುದು. ಅದು ಸಾಕಿದ ತಂದೆತಾಯಿಯ ತಪ್ಪಲ್ಲ, ಮಗುವಿನ ಹಟವೂ ಅಲ್ಲ.

ಹಿಂದೆ ನಮ್ಮ ದೇಶದಲ್ಲಿ ಕ್ರೈಸ್ತರು 1890ರ ಪಾಲಕತ್ವ ಕಾಯಿದೆಯಡಿ ಸಾಮಾನ್ಯವಾಗಿ ಪೋಷಕರಷ್ಟೇ ಆಗಬಹುದಿತ್ತು. ಬಾಲನ್ಯಾಯ ಕಾಯಿದೆ ಎಲ್ಲ ಧರ್ಮದವರಿಗೂ ಪೂರ್ಣ ದತ್ತಿನ ದಾರಿ ತೆರೆದಿದೆ. ಈಗ ಅದು ಕೇಂದ್ರ ದತ್ತು ಪ್ರಾಧಿಕಾರ 'ಕಾರಾ' ಮೂಲಕ ನಡೆಯುತ್ತದೆ. ಖಾಸಗಿಯಾಗಿ ಮಗುವನ್ನು ಕೊಡುವುದು, ಪಡೆಯುವುದು ಸಲ್ಲದು.

ದತ್ತು ಪಡೆಯುವವರು ಮಗುವಿನ ಆರೋಗ್ಯದ ದಾಖಲೆಗಳನ್ನು ಕೇಳಿ ಪಡೆದು ಜೋಪಾನವಾಗಿಡಲಿ. ದತ್ತಿನ ವಿಷಯವನ್ನು ಎಳವೆಯಲ್ಲೇ ಸರಳವಾಗಿ ತಿಳಿಸಲಿ. ಹದಿಹರೆಯದಲ್ಲಿ ಮಂಕು, ನಿದ್ರಾಹೀನತೆ, ಅತಿ ಸಿಟ್ಟು ಕಂಡರೆ ತಡಮಾಡದೆ ಮನೋವೈದ್ಯರನ್ನು ಕಾಣಲಿ. ಧರ್ಮೋಪದೇಶ ತರಗತಿಯ ಶಿಕ್ಷಕರು ಇಂಥ ಮಕ್ಕಳನ್ನು ಇತರರ ಮುಂದೆ ಗದರಿಸದಿರಲಿ. 'ತಂದ ಮಗು' ಎಂಬ ಮಾತು ನಮ್ಮ ವಾಳೆಗಳಲ್ಲಿ ಯಾರ ಬಾಯಿಂದಲೂ ಬಾರದಿರಲಿ.