ಮಗು ಕಣ್ಣು ಮಿಟುಕಿಸಿದರೆ ತಪ್ಪು ಯಾರದ್ದು? ‘ಟಿಕ್ಸ್’ ಮತ್ತು ಅಪ್ಪ-ಅಮ್ಮಂದಿರ 200 ವರ್ಷದ ಕಥೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಇವತ್ತಿನ ಕಥೆ ನಡೆಯೋದು ಮನೆಯೊಳಗೆ, ಪುಟ್ಟ ಮಕ್ಕಳ ಮುಖದ ಮೇಲೆ.

ಆರೇಳು ವರ್ಷದ ಮಗು ಇರುತ್ತೆ. ಚೆನ್ನಾಗೇ ಆಡಿಕೊಂಡಿರುತ್ತೆ. ಒಂದು ದಿನ ಇದ್ದಕ್ಕಿದ್ದಂತೆ ಪಟಪಟ ಅಂತ ಕಣ್ಣು ಮಿಟುಕಿಸೋಕೆ ಶುರು ಮಾಡುತ್ತೆ. ‘ಟಿವಿ ಜಾಸ್ತಿ ನೋಡಿ ಹೀಗಾಗಿದೆ’ ಅಂತಾರೆ ಅಪ್ಪ. ‘ದೃಷ್ಟಿ ಆಗಿದೆ, ನಿವಾಳಿಸಿ ಹಾಕು’ ಅಂತಾರೆ ಅಜ್ಜಿ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಲ್ಲಿ ಏನೂ ತೊಂದರೆ ಇಲ್ಲ ಅಂತ ಕಳಿಸ್ತಾರೆ. ಎರಡು ತಿಂಗಳಾದ ಮೇಲೆ ಕಣ್ಣು ಸರಿಹೋಗುತ್ತೆ. ಆದರೆ ಭುಜ ಕುಣಿಸೋದು ಶುರುವಾಗಿರುತ್ತೆ. ಆಮೇಲೆ ಗಂಟಲಲ್ಲಿ ಒಂದು ಸದ್ದು. ‘ಏಯ್, ಹಾಗೆ ಮಾಡಬೇಡ ಅಂತ ಎಷ್ಟು ಸಲ ಹೇಳೋದು?’ ಅಂತ ಗದರಿದರೆ ಅದು ಇನ್ನೂ ಜಾಸ್ತಿ ಆಗುತ್ತೆ. ಕೊನೆಗೆ ಬಂಧುಗಳಲ್ಲಿ ಯಾರೋ ಒಬ್ಬರು ಹೇಳಿಯೇಬಿಡ್ತಾರೆ: ‘ಮಗೂನ ಜಾಸ್ತಿ ಮುದ್ದು ಮಾಡಿದ್ದೀರ ನೀವು.’

ಇದಕ್ಕೆ ವೈದ್ಯರು ‘ಟಿಕ್’ ಅಂತ ಹೆಸರಿಟ್ಟಿದ್ದಾರೆ. ತನ್ನಷ್ಟಕ್ಕೆ ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು ಅದು. ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಹೆಚ್ಚಿನ ಮಕ್ಕಳಲ್ಲಿ ಒಂದು ವರ್ಷದೊಳಗೆ ತಾನಾಗೇ ಹೋಗುತ್ತೆ. ಹಲವು ಚಲನೆಗಳು, ಜೊತೆಗೆ ಕನಿಷ್ಠ ಒಂದು ಸದ್ದು, ಇವೆಲ್ಲ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಂದು ಹೋಗುತ್ತಾ ಇದ್ದರೆ ಅದನ್ನು ‘ಟುರೆಟ್ ಸಿಂಡ್ರೋಮ್’ ಅಂತಾರೆ.

‘ತಪ್ಪು ಹೆತ್ತವರದ್ದು’ ಅನ್ನೋ ಮಾತು ಬರೀ ಬಂಧುಗಳ ಬಾಯಿಂದ ಬಂದಿದ್ದಲ್ಲ. ದೊಡ್ಡ ದೊಡ್ಡ ವೈದ್ಯರು ದಶಕಗಳ ಕಾಲ ಇದನ್ನೇ ಪುಸ್ತಕಗಳಲ್ಲಿ ಬರೆದರು. ಅದನ್ನು ಸುಳ್ಳು ಮಾಡುವುದರಲ್ಲಿ ದೊಡ್ಡ ಪಾಲು ಅಪ್ಪ-ಅಮ್ಮಂದಿರದ್ದೇ. ಅದು ಹೇಗಾಯ್ತು ಅನ್ನೋದೇ ಇವತ್ತಿನ ಕಥೆ.

ಶಿಕ್ಷೆ ತಿಂದ ಹುಡುಗಿ

ಕಥೆ ಶುರುವಾಗೋದು ಪ್ಯಾರಿಸ್‌ನಲ್ಲಿ, 1825ರಲ್ಲಿ. ಜಾನ್ ಇಟಾರ್ ಅನ್ನೋ ವೈದ್ಯರು ಕಿವುಡ ಮಕ್ಕಳ ಸಂಸ್ಥೆಯಲ್ಲಿ ಕೆಲಸ ಮಾಡ್ತಿದ್ದರು. ಕಾಡಿನಲ್ಲಿ ಸಿಕ್ಕಿದ ವಿಕ್ಟರ್ ಎಂಬ ಹುಡುಗನಿಗೆ ಮಾತು ಕಲಿಸೋಕೆ ಪ್ರಯತ್ನ ಪಟ್ಟವರು ಇವರೇ. ಆ ವರ್ಷ ಅವರು ಶ್ರೀಮಂತ ಮನೆತನದ ಒಬ್ಬ ಮಹಿಳೆಯ ಬಗ್ಗೆ ಬರೆದರು. ಇತಿಹಾಸದಲ್ಲಿ ಆಕೆಯನ್ನು ದಾಂಪಿಯೇರ್‌ನ ಮಾರ್ಕೀಸ್ ಎಂದು ಕರೀತಾರೆ. ಆಗ ಆಕೆಗೆ 26 ವರ್ಷ.

ಆಕೆಗೆ ತೊಂದರೆ ಶುರುವಾಗಿದ್ದು ಏಳನೇ ವಯಸ್ಸಿನಲ್ಲಿ. ಬರೆಯೋಕೆ ಕೂತಾಗ ಕೈ ತಾನಾಗೇ ಎಗರುತ್ತಿತ್ತು. ಮನೆಯವರು ಅದನ್ನು ತುಂಟತನ ಅಂದುಕೊಂಡರು, ಗದರಿಸಿದರು, ಶಿಕ್ಷೆಯನ್ನೂ ಕೊಟ್ಟರು. ಹುಡುಗಿ ಬೇಕಂತ ಮಾಡ್ತಿಲ್ಲ, ಅದು ಅವಳ ಕೈಮೀರಿದ್ದು ಅಂತ ಗೊತ್ತಾಗಿದ್ದು ಆಮೇಲೆ. ಕಾಲಕ್ರಮೇಣ ಭುಜ, ಕುತ್ತಿಗೆ, ಮುಖಕ್ಕೂ ಹಬ್ಬಿತು. ಮಾತಿನ ಮಧ್ಯೆ ಕಿರುಚಾಟ, ಬೈಗುಳ ಬರತೊಡಗಿದವು. ಇದರ ಬಗ್ಗೆ ವೈದ್ಯರು ಬರೆದಿಟ್ಟ ಮೊದಲ ವಿವರವಾದ ದಾಖಲೆ ಇದು ಅಂತಾರೆ. ಗಮನಿಸಿ, ಮಗು ಶಿಕ್ಷೆ ತಿಂದ ವಿಷಯ ಆ ಮೊದಲ ದಾಖಲೆಯಲ್ಲೇ ಇದೆ.

ಅರವತ್ತು ವರ್ಷ ಕಳೀತು. 1885ರಲ್ಲಿ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಯುವ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಒಂಬತ್ತು ರೋಗಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಮಾರ್ಕೀಸ್ ಕಥೆಯನ್ನೂ ಅದರಲ್ಲಿ ಸೇರಿಸಿಕೊಂಡರು. ಅವರ ಗುರು, ಹೆಸರಾಂತ ನರರೋಗ ತಜ್ಞ ಶಾರ್ಕೋ, ಈ ಕಾಯಿಲೆಗೆ ಶಿಷ್ಯನ ಹೆಸರನ್ನೇ ಇಟ್ಟರು. ಇದು ವಂಶಪಾರಂಪರ್ಯವಾಗಿ ಬರುತ್ತೆ, ಹೋಗೋದಿಲ್ಲ ಅನ್ನೋದು ಅವರ ಅಭಿಪ್ರಾಯವಾಗಿತ್ತು.

ವಂಶಪಾರಂಪರ್ಯ ಅನ್ನೋದು ಇವತ್ತು ನಮಗೆ ಬರೀ ಜೀನ್‌ಗಳ ಮಾತು. ಆಗಿನ ಫ್ರಾನ್ಸ್‌ನಲ್ಲಿ ಆ ಮಾತಿಗೆ ಬೇರೆಯೇ ವಾಸನೆ ಇತ್ತು. ‘ಈ ಮನೆತನವೇ ಕೆಡ್ತಾ ಬಂದಿದೆ’ ಅನ್ನೋ ಅರ್ಥ ಅದಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಮಗುವಿನ ಟಿಕ್ ಇಡೀ ಮನೆಗೇ ಕಳಂಕ ಆಗ್ತಿತ್ತು.

ಕನ್ನಡಿ ಮುಂದೆ ಕವಾಯತು

1902ರಲ್ಲಿ ಫ್ರಾನ್ಸ್‌ನ ಇನ್ನಿಬ್ಬರು ವೈದ್ಯರು, ಮೇಜ್ ಮತ್ತು ಫೈಂಡೆಲ್, ಟಿಕ್‌ಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. 1907ರಲ್ಲಿ ಅದು ಇಂಗ್ಲಿಷ್‌ಗೂ ಬಂತು. ಅವರ ಪ್ರಕಾರ ಟಿಕ್ ಇರುವವರ ಸಮಸ್ಯೆ ಏನಪ್ಪಾ ಅಂದ್ರೆ, ಮನಸ್ಸು ಗಟ್ಟಿ ಇಲ್ಲ. ದೊಡ್ಡವರಾದರೂ ಅವರದ್ದು ಮಗುವಿನ ಮನಸ್ಸು. ಮನಸ್ಸು ಯಾಕೆ ಗಟ್ಟಿಯಾಗಿಲ್ಲ? ಹೆತ್ತವರು ಶಿಸ್ತು ಕಲಿಸಿಲ್ಲ, ಸಲಿಗೆ ಕೊಟ್ಟಿದ್ದಾರೆ ಅನ್ನೋದು ಅವರ ಉತ್ತರ.

ಇದಕ್ಕೆ ಅವರು ಹೇಳಿದ ಚಿಕಿತ್ಸೆ ಒಂದು ರೀತಿಯ ಕವಾಯತು. ಕನ್ನಡಿ ಮುಂದೆ ನಿಂತು ಅಲುಗಾಡದೆ ಇರೋದು. ಮೊದಲು ಕೆಲವು ಕ್ಷಣ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಮಯ ಹೆಚ್ಚಿಸೋದು. ನ್ಯಾಯವಾಗಿ ಹೇಳಬೇಕಂದ್ರೆ, ಅಭ್ಯಾಸದಿಂದ ಸ್ವಲ್ಪ ಹಿಡಿತ ಸಾಧಿಸಬಹುದು ಅನ್ನೋ ಅವರ ಅಂದಾಜು ಪೂರ್ತಿ ಸುಳ್ಳಲ್ಲ. ಅದು ಮುಂದೆ ಬೇರೆ ರೂಪದಲ್ಲಿ ವಾಪಸ್ ಬರುತ್ತೆ. ಆದರೆ ಮಗುವಿಗೆ ಮನೋಬಲ ಇಲ್ಲ, ತಂದೆ-ತಾಯಿಗೆ ಬೆಳೆಸೋಕೆ ಬರಲ್ಲ ಅನ್ನೋ ತೀರ್ಪು ಇತ್ತಲ್ಲ, ಬಹಳ ಕಾಲ ಉಳಿದಿದ್ದು ಅದು.

ಅಮ್ಮನ ಮೇಲೆ ಅಪವಾದ

ಆಮೇಲೆ ಬಂದವರು ಮನೋವಿಶ್ಲೇಷಕರು. ಫ್ರಾಯ್ಡ್ ಬಳಗದ ಶಾಂಡೋರ್ ಫೆರೆಂಟ್ಸಿ 1921ರಲ್ಲಿ ಟಿಕ್ ಬಗ್ಗೆ ಒಂದು ಲೇಖನ ಬರೆದರು. ಅದುಮಿಟ್ಟ ಲೈಂಗಿಕ ಬಯಕೆ ಹೀಗೆ ಮೈಯಲ್ಲಿ ಹೊರಗೆ ಬರುತ್ತೆ ಅನ್ನೋದು ಅವರ ವಾದ. ಅದಕ್ಕೆ ಆಧಾರ ಬಹುಪಾಲು ಮೇಜ್ ಮತ್ತು ಫೈಂಡೆಲ್ ಅವರ ಪುಸ್ತಕದಲ್ಲಿದ್ದ ವಿವರಗಳೇ.

1940ರ ದಶಕದಲ್ಲಿ ಮಾರ್ಗರೆಟ್ ಮಾಹ್ಲರ್ ನ್ಯೂಯಾರ್ಕ್‌ನಲ್ಲಿ ಟಿಕ್ ಇರುವ ಮಕ್ಕಳನ್ನು ಹತ್ತಿರದಿಂದ ನೋಡಿದರು. ಮಗುವಿನ ದೇಹದಲ್ಲೇ ಇದಕ್ಕೆ ಒಂದು ಒಲವು ಇರಬಹುದು ಅಂತ ಅವರು ಒಪ್ಪಿದ್ದರು. ಆದರೆ ಅವರ ವಿವರಣೆಯ ಭಾರವೆಲ್ಲ ಬಿದ್ದಿದ್ದು ಮನೆಯ ಮೇಲೆ. ತಾಯಿ ಅತಿಯಾಗಿ ಕಾಪಾಡ್ತಾಳೆ, ಮಗುವಿಗೆ ಓಡಾಡೋಕೆ, ಸಿಟ್ಟು ತೋರಿಸೋಕೆ ಬಿಡೋದಿಲ್ಲ, ಆ ಸಿಟ್ಟು ಸ್ನಾಯುಗಳ ಮೂಲಕ ಹೊರಗೆ ಬರುತ್ತೆ ಅಂದರು.

ಇದರಿಂದ ಒಂದು ಮನೆಯಲ್ಲಿ ಏನಾಗ್ತಿತ್ತು ಯೋಚನೆ ಮಾಡಿ. ಟಿಕ್‌ಗೆ ಒಂದು ವಿಚಿತ್ರ ಗುಣ ಇದೆ. ಅದು ಬರೋ ಮುಂಚೆ ಒಳಗೊಳಗೇ ಒಂದು ಒತ್ತಡ ಹುಟ್ಟುತ್ತೆ. ಸೀನು ಬರೋ ಮುಂಚೆ ಮೂಗಲ್ಲಿ ಆಗುತ್ತಲ್ಲ, ಸೊಳ್ಳೆ ಕಚ್ಚಿದ ಜಾಗ ಕೆರೀಬೇಕು ಅನ್ನಿಸುತ್ತಲ್ಲ, ಹಾಗೆ. ಸ್ವಲ್ಪ ಹೊತ್ತು ತಡೆಯಬಹುದು, ಪೂರ್ತಿ ನಿಲ್ಲಿಸೋಕೆ ಆಗಲ್ಲ. ಎಷ್ಟೋ ಮಕ್ಕಳು ಶಾಲೆಯಲ್ಲಿ ಕಷ್ಟಪಟ್ಟು ತಡೆದುಕೊಂಡಿರ್ತಾರೆ. ಮನೆಗೆ ಬಂದು ಚೀಲ ಇಟ್ಟ ತಕ್ಷಣ ಎಲ್ಲ ಹೊರಗೆ ಬರುತ್ತೆ. ಯಾಕಂದ್ರೆ ತಡೆದುಕೊಳ್ಳಬೇಕಾಗಿಲ್ಲದ ಜಾಗ ಅದೊಂದೇ.

ಇದನ್ನು ನೋಡಿದ ವೈದ್ಯರು ಏನಂದುಕೊಂಡಾರು? ‘ಶಾಲೇಲಿ ಇಲ್ಲ, ಅಮ್ಮನ ಎದುರು ಮಾತ್ರ ಮಾಡ್ತಾನೆ. ಹಾಗಾದ್ರೆ ಅಮ್ಮನೇ ಕಾರಣ.’ ಮಗು ಅಮ್ಮನ ಹತ್ತಿರ ನಿರಾಳವಾಗಿ ಇರುತ್ತೆ ಅನ್ನೋದೇ ಅಮ್ಮನ ವಿರುದ್ಧ ಸಾಕ್ಷಿ ಆಗಿಬಿಡ್ತಿತ್ತು.

ಒಂದು ಔಷಧಿ, ಒಬ್ಬ ದಂಪತಿ

ತಿರುವು ಸಿಕ್ಕಿದ್ದು 1960ರ ದಶಕದಲ್ಲಿ. ಬೆಲ್ಜಿಯಂನಲ್ಲಿ ಪಾಲ್ ಯಾನ್ಸೆನ್ ಅವರ ಪ್ರಯೋಗಾಲಯ 1958ರಲ್ಲಿ ಹ್ಯಾಲೊಪೆರಿಡಾಲ್ ಅನ್ನೋ ಔಷಧಿ ತಯಾರಿಸಿತ್ತು. ಅದು ಬೇರೆ ಮನೋರೋಗಗಳಿಗೆ ಅಂತ ಮಾಡಿದ್ದು. 1961ರ ಹೊತ್ತಿಗೆ ಯುರೋಪಿನ ವೈದ್ಯರು ಟುರೆಟ್ ರೋಗಿಗೆ ಇದನ್ನು ಕೊಟ್ಟು ನೋಡಿದಾಗ ಟಿಕ್‌ಗಳು ಕಡಿಮೆಯಾದವು.

ನ್ಯೂಯಾರ್ಕ್‌ನಲ್ಲಿ ಮನೋವೈದ್ಯ ಆರ್ಥರ್ ಶಪಿರೊ ಮತ್ತು ಅವರ ಪತ್ನಿ, ಮನಃಶಾಸ್ತ್ರಜ್ಞೆ ಇಲೇನ್ ಶಪಿರೊ ಇದ್ದರು. 1965ರಲ್ಲಿ 24 ವರ್ಷದ ಒಬ್ಬ ಯುವತಿ ಅವರ ಬಳಿ ಬಂದಳು. ಬೇರೆ ಬೇರೆ ಔಷಧಿ ಕೊಟ್ಟು ನೋಡಿ, ಕೊನೆಗೆ ಹ್ಯಾಲೊಪೆರಿಡಾಲ್ ಕೊಟ್ಟಾಗ ಅವಳು ಬಹಳ ಸುಧಾರಿಸಿದಳು. 1968ರಲ್ಲಿ ಈ ದಂಪತಿಯ ಪ್ರಬಂಧ ಪ್ರಕಟವಾಯ್ತು. ಇದು ಮೆದುಳಿಗೆ ಸಂಬಂಧಿಸಿದ ಕಾಯಿಲೆ, ಮನೋವಿಶ್ಲೇಷಣೆಯಿಂದ ಇದಕ್ಕೆ ಪ್ರಯೋಜನ ಇಲ್ಲ ಅಂತ ಅವರು ನೇರವಾಗಿ ಹೇಳಿದರು.

ಆ ಔಷಧಿಗೆ ತೊಂದರೆಗಳೂ ಇದ್ದವು. ನಿದ್ದೆಗಣ್ಣು, ಮೈ ಬಿಗಿತ, ತೂಕ ಹೆಚ್ಚೋದು. ಎಲ್ಲರಿಗೂ ಅದು ಒಗ್ಗಲಿಲ್ಲ. ಆದರೂ ಔಷಧಿ ಕೆಲಸ ಮಾಡಿದೆ ಅನ್ನೋ ಸುದ್ದಿಗೆ ಹೆತ್ತವರ ಪಾಲಿಗೆ ಇನ್ನೊಂದು ಅರ್ಥವೂ ಇತ್ತು. ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗೆ ಬಗ್ಗುವ ಕಾಯಿಲೆ, ಅಮ್ಮ ಮುದ್ದು ಮಾಡಿದ್ದರಿಂದ ಬಂದಿದ್ದು ಅಂತ ಹೇಳೋದು ಹೇಗೆ?

ಅಪ್ಪ-ಅಮ್ಮಂದಿರು ಎದ್ದು ನಿಂತಾಗ

1972ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದಲ್ಲಿ ಕೆಲವು ತಂದೆ-ತಾಯಂದಿರು ಒಟ್ಟಾಗಿ ಒಂದು ಸಂಘ ಕಟ್ಟಿದರು. ಅದೇ ಇವತ್ತಿನ ಟುರೆಟ್ ಅಸೋಸಿಯೇಷನ್ ಆಫ್ ಅಮೆರಿಕಾ. ಶಪಿರೊ ದಂಪತಿಯ ಬೆಂಬಲ ಅವರಿಗಿತ್ತು. ಎಷ್ಟೋ ವೈದ್ಯರಿಗೇ ಗೊತ್ತಿಲ್ಲದ ಕಾಯಿಲೆಯ ಬಗ್ಗೆ ಈ ಜನ ಊರೂರಿಗೆ ತಿಳಿಸೋಕೆ ಹೊರಟರು.

ಅವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಕನೆಕ್ಟಿಕಟ್‌ನ ಆಬಿ ಮೇಯರ್ಸ್ ಎಂಬ ತಾಯಿಯ ಮಗನಿಗೆ ಟುರೆಟ್ ಇತ್ತು. ಪಿಮೊಜೈಡ್ ಅನ್ನೋ ಹೊಸ ಔಷಧಿಯ ಪ್ರಯೋಗದಲ್ಲಿ ಅವನನ್ನು ಸೇರಿಸಿದ್ದರು, ಅವನಿಗೆ ಅದು ಹಿಡಿಸಿತ್ತು. ಅಷ್ಟರಲ್ಲಿ ಕಂಪನಿ ಆ ಔಷಧಿಯನ್ನೇ ಕೈಬಿಟ್ಟಿತು. ಟುರೆಟ್ ರೋಗಿಗಳು ಕಡಿಮೆ, ಹಾಕಿದ ದುಡ್ಡು ವಾಪಸ್ ಬರಲ್ಲ ಅನ್ನೋದು ಲೆಕ್ಕಾಚಾರ. ಇಂಥ ಔಷಧಿಗಳನ್ನು ‘ಅನಾಥ ಔಷಧಿ’ ಅಂತ ಕರೆಯೋರು. ಇತ್ತ ಕ್ಯಾಲಿಫೋರ್ನಿಯಾದ ಒಬ್ಬ ಯುವಕ ಇದೇ ಪಿಮೊಜೈಡ್ ಅನ್ನು ಕೆನಡಾದಿಂದ ತರಿಸಿಕೊಳ್ಳಬೇಕಾಗಿತ್ತು. ಕಸ್ಟಮ್ಸ್‌ನವರು ಅದನ್ನು ಹಿಡಿದುಕೊಂಡರು. ಅವನ ತಾಯಿ ತಮ್ಮ ಕ್ಷೇತ್ರದ ಸಂಸದ ಹೆನ್ರಿ ವಾಕ್ಸ್‌ಮನ್ ಕಚೇರಿಗೆ ದೂರು ಕೊಟ್ಟರು.

1980ರಲ್ಲಿ ಸಂಸತ್ ಸಮಿತಿ ವಿಚಾರಣೆ ನಡೆಸಿತು. ಪತ್ರಕರ್ತರು ಹೆಚ್ಚಾಗಿ ಬರಲಿಲ್ಲ. ಲಾಸ್ ಏಂಜಲೀಸ್‌ನ ಪತ್ರಿಕೆಯಲ್ಲಿ ಬಂದ ಒಂದು ವರದಿ ಟಿವಿ ಬರಹಗಾರ ಮಾರಿಸ್ ಕ್ಲಗ್‌ಮನ್ ಕಣ್ಣಿಗೆ ಬಿತ್ತು. ಅವರ ಸಹೋದರ ಜಾಕ್ ಕ್ಲಗ್‌ಮನ್ ಆಗ ‘ಕ್ವಿನ್ಸಿ’ ಎಂಬ ಜನಪ್ರಿಯ ಧಾರಾವಾಹಿಯ ನಾಯಕ. 1981ರ ಮಾರ್ಚ್‌ನಲ್ಲಿ ಟುರೆಟ್ ಬಗ್ಗೆಯೇ ಒಂದು ಕಂತು ಪ್ರಸಾರವಾಯ್ತು. ಅದೇ ತಿಂಗಳು ಜಾಕ್ ಕ್ಲಗ್‌ಮನ್ ಖುದ್ದಾಗಿ ಸಂಸತ್ ಸಮಿತಿ ಮುಂದೆ ಹೋಗಿ ಮಾತಾಡಿದರು. ಈ ಸಲ ಪತ್ರಕರ್ತರು ತುಂಬಿ ಹೋಗಿದ್ದರು.

1983ರ ಜನವರಿ 4ರಂದು ಅಧ್ಯಕ್ಷ ರೇಗನ್ ಅನಾಥ ಔಷಧಿಗಳ ಕಾಯ್ದೆಗೆ ಸಹಿ ಹಾಕಿದರು. ಅಪರೂಪದ ಕಾಯಿಲೆಗೆ ಔಷಧಿ ಮಾಡುವ ಕಂಪನಿಗೆ ತೆರಿಗೆ ರಿಯಾಯಿತಿ, ಏಳು ವರ್ಷ ಮಾರಾಟದ ಏಕಸ್ವಾಮ್ಯ ಕೊಡುವ ಕಾನೂನು ಅದು. 1984ರಲ್ಲಿ ಪಿಮೊಜೈಡ್‌ಗೂ ಒಪ್ಪಿಗೆ ಸಿಕ್ಕಿತು. ನಂತರದ ವರ್ಷಗಳಲ್ಲಿ ಹಲವು ಅಪರೂಪದ ಕಾಯಿಲೆಗಳಿಗೆ ಔಷಧಿ ಬಂದಿದ್ದು ಇದೇ ಕಾಯ್ದೆಯ ಆಸರೆಯಲ್ಲಿ. ‘ಮಗುವನ್ನು ಕೆಡಿಸಿದವರು’ ಅಂತ ಅನ್ನಿಸಿಕೊಂಡಿದ್ದ ಅಮ್ಮಂದಿರು ಆ ಕಾಯ್ದೆಗಾಗಿ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದರು.

ಕವಾಯತು ಅಲ್ಲ, ಕಲಿಕೆ

ಮೇಜ್ ಮತ್ತು ಫೈಂಡೆಲ್ ಅವರ ಅಭ್ಯಾಸದ ವಿಚಾರ ವಾಪಸ್ ಬರುತ್ತೆ ಅಂದಿದ್ದೆನಲ್ಲ, ಈಗ ಅದಕ್ಕೆ ಬರೋಣ. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಏಜ್ರಿನ್ ಮತ್ತು ನನ್ ಒಂದು ವಿಧಾನ ಪ್ರಕಟಿಸಿದರು. ಟಿಕ್ ಬರೋ ಮುಂಚಿನ ಒತ್ತಡವನ್ನು ಗುರುತಿಸೋಕೆ ಕಲಿಯೋದು, ಅದು ಬಂದ ಕೂಡಲೇ ಬೇರೊಂದು ಸಣ್ಣ ಕೆಲಸ ಮಾಡೋದು. ಉದಾಹರಣೆಗೆ ಭುಜ ಎಗರುತ್ತೆ ಅನ್ನಿಸಿದಾಗ ಮೊಣಕೈಯನ್ನು ಮೆಲ್ಲಗೆ ಪಕ್ಕೆಗೆ ಒತ್ತಿ ಹಿಡಿಯೋದು. ಇದನ್ನೇ ಬೆಳೆಸಿದ ಚಿಕಿತ್ಸೆಯನ್ನು 126 ಮಕ್ಕಳ ಮೇಲೆ ಪರೀಕ್ಷಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ತರಬೇತಿ ಪಡೆದವರಲ್ಲಿ ಶೇ 52.5ರಷ್ಟು ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಬರೀ ಮಾಹಿತಿ ಮತ್ತು ಸಾಂತ್ವನ ಪಡೆದವರಲ್ಲಿ ಆ ಪ್ರಮಾಣ ಶೇ 18.5. ಚಿಕಿತ್ಸೆ ಬೇಕಾದವರಿಗೆ ಇವತ್ತು ಮೊದಲು ಹೇಳುವುದು ಇದನ್ನೇ. ಔಷಧಿ ಆಮೇಲೆ, ಅಗತ್ಯ ಇದ್ದರೆ.

ಕನ್ನಡಿ ಮುಂದಿನ ಕವಾಯತಿಗೂ ಇದಕ್ಕೂ ಏನು ವ್ಯತ್ಯಾಸ? ಇಲ್ಲಿ ಮಗುವಿಗೆ ಮನೋಬಲ ಇಲ್ಲ ಅಂತ ಯಾರೂ ಹೇಳಲ್ಲ. ಅಪ್ಪ-ಅಮ್ಮನಿಗೂ ಇಲ್ಲಿ ಕೆಲಸ ಇದೆ. ಟಿಕ್ ಬಂದಾಗ ದಿಟ್ಟಿಸಿ ನೋಡಬಾರದು, ಗದರಬಾರದು, ‘ನಿಲ್ಲಿಸು’ ಅನ್ನಬಾರದು. ಹಾಗಂತ ಟಿಕ್ ಬಂತು ಅಂತ ಹೋಂವರ್ಕ್ ಬಿಡಿಸೋದೂ ಬೇಡ. ಶಾಲೆಯ ಟೀಚರ್‌ಗೆ ಮೊದಲೇ ವಿಷಯ ತಿಳಿಸಬೇಕು. ಟಿಕ್ ಬಗ್ಗೆ ಪದೇ ಪದೇ ಕೇಳ್ತಾ ಇದ್ದರೆ, ಆಯಾಸ, ಆತಂಕ, ಉತ್ಸಾಹ ಹೆಚ್ಚಾದರೆ ಟಿಕ್ ಕೂಡ ಹೆಚ್ಚುತ್ತೆ. ಅಂದರೆ ಮನೆಯ ವಾತಾವರಣ ಟಿಕ್ ಅನ್ನು ಹೆಚ್ಚು ಕಡಿಮೆ ಮಾಡಬಹುದು, ಹುಟ್ಟಿಸೋದಿಲ್ಲ. ಹಳೆಯ ವೈದ್ಯರು ಎಡವಿದ್ದು ಈ ಎರಡರ ನಡುವಿನ ವ್ಯತ್ಯಾಸದಲ್ಲೇ.

ನಮ್ಮ ದೇಶದಲ್ಲಿ ಟುರೆಟ್ ಅನ್ನೋ ಹೆಸರನ್ನು ಎಷ್ಟೋ ಜನ ಮೊದಲು ಕೇಳಿದ್ದು 2018ರ ಹಿಂದಿ ಸಿನಿಮಾ ‘ಹಿಚ್ಕಿ’ಯಿಂದ. ಅದರಲ್ಲಿ ರಾಣಿ ಮುಖರ್ಜಿ ಟುರೆಟ್ ಇರುವ ಶಿಕ್ಷಕಿ. ಅಮೆರಿಕದ ಶಿಕ್ಷಕ ಬ್ರಾಡ್ ಕೋಹೆನ್ ಅವರ ಜೀವನದ ಕಥೆಯೇ ಅದಕ್ಕೆ ಮೂಲ.

ಇನ್ನು ಹೆತ್ತವರು ನೆನಪಿಡಬೇಕಾದ್ದು. ಟಿಕ್‌ಗಳು ಸಾಮಾನ್ಯವಾಗಿ ಐದರಿಂದ ಏಳನೇ ವಯಸ್ಸಿನ ಹೊತ್ತಿಗೆ ಶುರುವಾಗಿ, ಹತ್ತರಿಂದ ಹನ್ನೆರಡರ ಹೊತ್ತಿಗೆ ಜಾಸ್ತಿಯಾಗಿ, ಹದಿಹರೆಯ ಮುಗಿಯೋ ಹೊತ್ತಿಗೆ ಬಹಳಷ್ಟು ಜನರಲ್ಲಿ ಇಳಿಯುತ್ತವೆ. ನೋವಾಗ್ತಿದ್ದರೆ, ಓದಿಗೆ ಅಡ್ಡಿಯಾಗ್ತಿದ್ದರೆ, ಒಂದು ವರ್ಷ ದಾಟಿದರೆ, ಮಗು ಕ್ಷಣಕಾಲ ಎಚ್ಚರ ತಪ್ಪಿದ ಹಾಗೆ ಶೂನ್ಯ ನೋಡ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ.

1825ರಲ್ಲಿ ಪ್ಯಾರಿಸ್‌ನ ಆ ವೈದ್ಯರು ಬರೆದಿಟ್ಟಿದ್ದರು, ಹುಡುಗಿ ಬೇಕಂತ ಮಾಡ್ತಿಲ್ಲ ಅಂತ. ಎಲ್ಲರೂ ಅದನ್ನು ನಂಬೋಕೆ ಸುಮಾರು 150 ವರ್ಷ ಬೇಕಾಯ್ತು. ನಿಮ್ಮ ಮನೆಯಲ್ಲಿ ಅದನ್ನು ನಂಬೋಕೆ ಒಂದು ಸಂಜೆ ಸಾಕು.