ಕದ ಮುಚ್ಚುವ ಮುಂಚಿನ ಕಡಲು

ಮಾರ್ಚ್ ತಿಂಗಳಿನಿಂದ ಮೇ ನಡುವಿನ ತನಕ ಮಂಜೇಶ್ವರ, ಕುಂಬಳೆ, ಬೇಕಲಗಳ ಕಡಲನ್ನು ದಡದಲ್ಲಿ ನಿಂತು ನೋಡಿದರೆ ಅದು ಊರ ಕೆರೆಯಂತೆ ಕಾಣುತ್ತದೆ. ನೀರು ಬೆಚ್ಚಗೆ, 30 ಡಿಗ್ರಿಯ ಆಸುಪಾಸು. ಬೆಳಗಿನ ಜಾವ ನೆಲದ ಕಡೆಯಿಂದ ತೆಳುವಾದ ಗಾಳಿ. ಹೊತ್ತು ಏರಿದಂತೆ ನೆಲ ಕಾದು, ಮಧ್ಯಾಹ್ನಕ್ಕೆ ಗಾಳಿ ತಿರುಗಿ ಕಡಲ ಕಡೆಯಿಂದ ಬೀಸುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ನಮ್ಮ ದೋಣಿಗಳು ಈ ಎರಡು ಗಾಳಿಗಳನ್ನೇ ನಂಬಿ ಬದುಕಿದವು. ಹೋಗುವಾಗ ನೆಲಗಾಳಿ, ಬರುವಾಗ ಕಡಲಗಾಳಿ. ಬಾಡಿಗೆ ಇಲ್ಲದ ವಾಹನ!

ಆದರೆ ಈ ಸಾಧು ಕಡಲಿಗೆ ಒಂದು ಕದ ಇದೆ, ಅದು ಮುಚ್ಚುವ ದಿನವೂ ಇದೆ. ತುಳುವರಿಗೆ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮಲಯಾಳದವರು ಎಡವಪ್ಪಾದಿ ಅನ್ನುತ್ತಾರೆ, ಎಡವಂ ತಿಂಗಳ ನಡುಭಾಗ. ಎರಡಕ್ಕೂ ಕೆಲವೇ ದಿನಗಳ ಅಂತರ. ನಮ್ಮ ಮನೆಗಳಲ್ಲಿ ಎರಡು ಮಾತೂ ಉಂಟು, ಮಳೆ ಮಾತ್ರ ಒಂದೇ. ಹದಿನೈದನೆಯ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್ ಬರೆದ ನೌಕಾಶಾಸ್ತ್ರದಲ್ಲಿಯೂ ಈ ಕಾಲಕ್ಕೆ 'ಕಡಲು ಮುಚ್ಚುವುದು' ಎಂಬ ಅರ್ಥದ ಹೆಸರೇ ಇದೆ. ಸುಮಾರು ಮೂರು ತಿಂಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬೀಗ. ಆ ಬೀಗ ಬೀಳುವುದಕ್ಕೆ ಮುಂಚಿನ ವಾರಗಳಲ್ಲಿ ದಾಟಿದವನು ಜಾಣ. ತಡಮಾಡಿದವನು ಏನಾದ ಎಂಬುದಕ್ಕೆ ಅಬ್ದುರ್ ರಜಾಕನ ಕಥೆಯನ್ನು ಹೇಳುತ್ತೇನೆ.

ಹೆರಾತಿನ ಸುಲ್ತಾನ ಶಾರುಖ್ ಈತನನ್ನು ರಾಯಭಾರಿಯಾಗಿ ಕಲ್ಲಿಕೋಟೆಗೆ ಕಳುಹಿಸಿದ್ದು 1442ರಲ್ಲಿ. ಹೊರ್ಮುಜ್ ಬಂದರಿನಲ್ಲಿ ಅಲ್ಲಿಯವರು ಒಂದಲ್ಲ ಒಂದು ನೆಪ ಹೇಳಿ ಹಡಗು ಬಿಡುವುದನ್ನು ಮುಂದೂಡಿದರು. ಒಳ್ಳೆಯ ಗಾಳಿಯ ಮೊದಲ ಭಾಗವೂ ಹೋಯಿತು, ನಡುಭಾಗವೂ ಹೋಯಿತು. ಕೊನೆಗೆ ಬಿರುಗಾಳಿಗೂ ಕಡಲ್ಗಳ್ಳರಿಗೂ ಹೆದರಬೇಕಾದ ಹೊತ್ತಿನಲ್ಲಿ ಹೊರಡಿಸಿದರು. ಹಡಗಿನ ವಾಸನೆಗೂ ಭಯಕ್ಕೂ ಈತ ಮೂರು ದಿನ ಎಚ್ಚರ ತಪ್ಪಿ ಬಿದ್ದಿದ್ದನಂತೆ. ಮಸ್ಕತ್ತಿಗೆ ತಲಪಿದಾಗ ವರ್ತಕರೆಲ್ಲ ಒಂದೇ ಸ್ವರದಲ್ಲಿ, ಕಾಲ ಮೀರಿತು, ಇನ್ನು ದಾಟಲಾಗದು ಅಂದರು. ಅರಬ್ ಕರಾವಳಿಯ ಕಡು ಬೇಸಿಗೆಯನ್ನು ಜ್ವರದಲ್ಲಿ ನರಳುತ್ತ ಕಳೆದ. ಮುಂದಿನ ಗಾಳಿ ಹಿಡಿದು ಕಲಹಾತ್ ಬಂದರಿನಿಂದ ಹೊರಟ ಮೇಲೆ ಕಲ್ಲಿಕೋಟೆಗೆ ಹಿಡಿದದ್ದು ಬರೇ ಹದಿನೆಂಟು ದಿನ. ಗಮನಿಸಿ, ದಾರಿ ಹದಿನೆಂಟು ದಿನದ್ದು, ಕಾದದ್ದು ತಿಂಗಳುಗಟ್ಟಲೆ.

ಮರುವರ್ಷ ವಿಜಯನಗರದ ದೇವರಾಯನ ಕರೆ ಬಂತು. ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಗೆ ವಿಜಯನಗರ ಸೇರಿದ. ಅಂದರೆ ನಮ್ಮ ಕುಂಬಳೆ, ಮಂಜೇಶ್ವರಗಳ ಎದುರಿನ ನೀರಿನಲ್ಲೇ, ಕದ ಮುಚ್ಚುವ ಮುಂಚೆ, ಹಾದುಹೋದ ಎಂದಾಯಿತು. ವಿಜಯನಗರದ ವೈಭವಕ್ಕೆ ಇತಿಹಾಸದ ಪುಸ್ತಕಗಳು ಈತನ ಮಾತನ್ನೇ ಸಾಕ್ಷಿ ಹಿಡಿಯುತ್ತವೆ. ಆ ಸಾಕ್ಷಿಯನ್ನು ನಮಗೆ ತಲಪಿಸಿದ್ದು ಈ ಕಡಲು ಎಂಬುದನ್ನು ಮರೆಯುತ್ತೇವೆ.

ವಾಸ್ಕೋ ಡ ಗಾಮನ ಲೆಕ್ಕ ಇನ್ನೂ ಸ್ಪಷ್ಟ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಾದ್ದರಿಂದ ಜಮಾ ಖರ್ಚಿನ ಭಾಷೆಯಲ್ಲೇ ಹೇಳುತ್ತೇನೆ. ಬರುವಾಗ 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿ ಬಿಟ್ಟ, ಮೇ 18ಕ್ಕೆ ನಮ್ಮ ಕರಾವಳಿಯ ಬೆಟ್ಟಗಳು ಕಂಡವು. ಹೋಗುವಾಗ ಗಾಳಿಯ ಕಾಲ ತಿಳಿದವರ ಮಾತಿಗೆ ಕಾಯಲಿಲ್ಲ. ಆಗಸ್ಟ್ 29ಕ್ಕೆ ಕಲ್ಲಿಕೋಟೆಯಿಂದ ಲಂಗರು ಎತ್ತಿ, ಕಾರವಾರದ ಬಳಿಯ ಅಂಜುದೀವದಲ್ಲಿ ಕೆಲವು ದಿನ ನಿಂತು, ಅಕ್ಟೋಬರ್ 5ಕ್ಕೆ ಹೊರಟವನಿಗೆ ಆಫ್ರಿಕ ಕಂಡದ್ದು 1499ರ ಜನವರಿ 2ರಂದು. ಅದೇ ಕಡಲು, ಬರುವಾಗ ಮೂರೂವರೆ ವಾರ, ಹೋಗುವಾಗ ಮೂರು ತಿಂಗಳಿಗೆ ಮೂರು ದಿನ ಕಮ್ಮಿ. ಆ ದಾರಿಯಲ್ಲಿ ಸುಮಾರು ಮೂವತ್ತು ಮಂದಿ ಒಸಡು ಬಾತು ಸತ್ತರು.

ಬರುವಾಗ ದಾರಿ ತೋರಿಸಿದವನು ಇಬ್ನ್ ಮಾಜಿದನೇ ಎಂದು ಹಲವು ಪುಸ್ತಕಗಳಲ್ಲಿದೆ. ಈಗಿನ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಮಲಿಂದಿಯ ಅರಸ ಕೊಟ್ಟ ಯಾರೋ ಒಬ್ಬ ಅನುಭವಿ ಆತ, ಗುಜರಾತಿನವನು ಎಂಬ ಮಾತೂ ಉಂಟು. ಕಾಪ್ಪಾಡಿನ ಎದುರು ಲಂಗರು ಹಾಕಿದ ಪೋರ್ಚುಗೀಸರಿಗೆ, ಅಲ್ಲಿ ತಳ ಕಲ್ಲು, ಪಂದಲಾಯಿನಿಗೆ ಹೋಗಿ ಎಂದು ಸಾಮೂದಿರಿ ಆಳು ಕಳುಹಿಸಿದ. ಮಳೆಗಾಲ ಬರುವ ವಾರವದು. ಆ ಒಂದು ಉಪಕಾರದಿಂದ ಹಡಗುಗಳು ಉಳಿದವು ಎಂದು ನನ್ನ ಎಣಿಕೆ. ಮುಂದೆ ಅವರು ಅದನ್ನು ತೀರಿಸಿದ ರೀತಿ ತಮಗೆಲ್ಲ ತಿಳಿದದ್ದೇ.

ಸರಕಾರದ ಎಚ್ಚರಿಕೆ ಎಂಬುದು ಬಹಳ ಈಚಿನದು. 1864ರ ಕಲ್ಕತ್ತಾ ಚಂಡಮಾರುತದ ಮರುವರ್ಷ ಆ ಬಂದರಿನಲ್ಲಿ ಸೂಚನೆಯ ಕ್ರಮ ಆರಂಭವಾಯಿತು. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು, 1886ರ ಹೊತ್ತಿಗೆ ಸೂಚನೆ ಎಲ್ಲ ಬಂದರುಗಳಿಗೂ ಬಂತು. ಹಗಲು ಕಂಬದ ಮೇಲೆ ಶಂಕು, ಉರುಳೆಯ ಆಕಾರಗಳು. ರಾತ್ರಿ ಕೆಂಪು, ಬಿಳಿ ದೀಪಗಳು. ಒಂದರಿಂದ ಹನ್ನೊಂದರ ತನಕ ಅಂಕೆಗಳು. ಹತ್ತು ಎಂದರೆ ಮಹಾ ಅಪಾಯ. ಹಾಗಾದರೆ ಹನ್ನೊಂದು? ಎಚ್ಚರಿಕೆ ಕೊಡುವ ಕಚೇರಿಯೊಡನೆ ಸಂಪರ್ಕವೇ ಕಡಿದಿದೆ ಎಂದು ಅರ್ಥ. ಸುದ್ದಿ ಬಾರದಿರುವುದು ಹತ್ತಕ್ಕಿಂತ ಮೇಲಿನದು ಎಂದು ಆ ಕ್ರಮ ಕಟ್ಟಿದವರಿಗೆ ತಿಳಿದಿತ್ತು.

ಈ ಕಂಬಗಳು ಹೇಳುತ್ತಿದ್ದುದು ಗಾಳಿಯ ಸುದ್ದಿ. ಗಾಳಿಯಿಲ್ಲದೆ, ಮೋಡವಿಲ್ಲದೆ, ಬಿಸಿಲು ಕಾಯುತ್ತಿರುವಾಗಲೇ ಕಡಲು ಉಬ್ಬಿ ಅಂಗಳಕ್ಕೆ ಬಂದರೆ? ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕನ್ನಡಿಗರಿಗೆ ಇದರ ಅರ್ಥ ಬಿಡಿಸಬೇಕಾಗಿಲ್ಲ. ಕಳ್ಳನ ಹಾಗೆ ಬರುವ ಕಡಲು. ಹೆಚ್ಚಾಗಿ ಬರುವುದು ಈ ಸಾಧು ಕಾಲದಲ್ಲೇ, ಏಪ್ರಿಲ್, ಮೇ ತಿಂಗಳುಗಳಲ್ಲಿ. 2005ರ ಮೇ ತಿಂಗಳಲ್ಲಿ ಕೇರಳದ ದಡಕ್ಕೆ ಇದು ನುಗ್ಗಿದಾಗ ಸುನಾಮಿ ಕಳೆದು ಆರು ತಿಂಗಳೂ ಆಗಿರಲಿಲ್ಲ.

ಇದರ ಬೇರು ನಮ್ಮ ಕಡಲಿನಲ್ಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಹಿಮಖಂಡದ ದಿಕ್ಕಿನಲ್ಲಿ, ಬಿರುಗಾಳಿಗಳು ಎಬ್ಬಿಸಿದ ಉದ್ದುದ್ದ ತೆರೆಗಳು ಕೆಲವು ದಿನಗಳಲ್ಲಿ ಸಾವಿರಾರು ಕಿಲೋಮೀಟರ್ ದಾಟಿ ಬರುತ್ತವೆ. 2024ರ ಮಾರ್ಚ್ 31ರಂದು ತಿರುವನಂತಪುರ, ಕೊಲ್ಲಂ, ಆಲಪ್ಪುಳದ ದಡಗಳಲ್ಲಿ ಮನೆಗಳಿಗೆ ನೀರು ನುಗ್ಗಿದಾಗ, ಅದರ ಮೂಲ ಸುಮಾರು 10,000 ಕಿಲೋಮೀಟರ್ ದೂರದ ವಾಯುಭಾರ ಕುಸಿತ ಎಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ತಿಳಿಸಿತು. ಅಲ್ಲಿ ಎದ್ದ ತೆರೆ 11 ಮೀಟರಿನದು. ಮೀನುಗಾರರ ಬಾಯಿಯ ಆ ಶಬ್ದವನ್ನೇ 2012ರಲ್ಲಿ ಯುನೆಸ್ಕೋ ವೈಜ್ಞಾನಿಕ ಬಳಕೆಗೆ ಒಪ್ಪಿತು. ಹೊಸ ಹೆಸರು ಹುಡುಕಲು ಹೋಗದಿದ್ದುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಈಗ ಕದ ಮುಚ್ಚುವುದು ಪಂಚಾಂಗವಲ್ಲ, ಸರಕಾರಿ ಆದೇಶ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧವಿದೆ. ಈಚಿನ ವರ್ಷಗಳಲ್ಲಿ ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಈಚೆ ನಮ್ಮಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಮೀನಿಗೆ ಗಡಿ ಗೊತ್ತಿಲ್ಲ, ಕಾನೂನಿಗೆ ಗೊತ್ತು. ಕೆಲಸದಲ್ಲಿದ್ದಾಗ ಮೇ ಕೊನೆಯ ವಾರ ದೋಣಿ ಸಾಲದ ಕಂತು ಕಟ್ಟಲು ಬರುತ್ತಿದ್ದವರನ್ನು ನೋಡಿದ್ದೇನೆ. ಮುಂದಿನ ಎರಡು ತಿಂಗಳ ಕಂತಿಗಾಗಿ ಕೊನೆಯ ದಿನದ ತನಕ ಕಡಲಿಗೆ ಇಳಿಯುವವರು ಅವರೇ. ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟಿ, ಸಂಜೆಗೆ ಗುಡುಗಿನೊಡನೆ ಮೂಡುಗಾಳಿ ಬೀಸಿ ದೋಣಿಯನ್ನು ಹೊರಗೆ ತಳ್ಳುವುದೂ ಅದೇ ವಾರಗಳಲ್ಲಿ. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗಿನಿಂದಲೇ ಗುಜರಾತಿಗೆ ಹೋದದ್ದು ನೆನಪಿರಬಹುದು.

ರೇಡಿಯೋದಲ್ಲಿ ಮೀನುಗಾರರಿಗೆ ಎಚ್ಚರಿಕೆ ಎಂದಾಗ ಗಾಳಿಯ ವೇಗವನ್ನಷ್ಟೇ ಕೇಳಿ ಸ್ವಿಚ್ ತಿರುಗಿಸಬೇಡಿ. ಕಳ್ಳಕಡಲಿನ ಎಚ್ಚರಿಕೆ ಬಂದ ದಿನ ಬಂದರಿನ ದೋಣಿಗಳನ್ನು ಒಂದಕ್ಕೊಂದು ತಾಗದಷ್ಟು ದೂರ ಕಟ್ಟಬೇಕು, ಮರಳ ಮೇಲಿನ ಬಲೆ, ಇಂಜಿನುಗಳನ್ನು ಮೇಲಕ್ಕೆ ಒಯ್ಯಬೇಕು, ಮಕ್ಕಳನ್ನು ದಡಕ್ಕೆ ಬಿಡಬಾರದು. ಆ ತೆರೆ ಆಳ ನೀರಿನಲ್ಲಿ ದೋಣಿಯ ಅಡಿಯಿಂದ ಮೆಲ್ಲಗೆ ಜಾರಿಹೋಗುತ್ತದೆ, ಮೇಲಿದ್ದವನಿಗೆ ತಿಳಿಯುವುದೂ ಇಲ್ಲ. ಅದು ಏಳುವುದು ಆಳ ಕಮ್ಮಿಯಾದಲ್ಲಿ, ದಡದ ಹತ್ತಿರ.