ಊರಾಚೆಗೆ ಬಂದ ಊರು

ಕನ್ನಡದಲ್ಲಿ 'ಊರಾಚೆ' ಎಂಬುದು ಬರೀ ದಿಕ್ಕು ತೋರಿಸುವ ಮಾತಲ್ಲ. ಅದು ನಮ್ಮ ವಿಳಾಸ. ಬಾವಿ, ಗುಡಿ, ಚಾವಡಿ ಎಲ್ಲ ದಾಟಿದ ಮೇಲೆ ನಮ್ಮ ಕೇರಿಗಳನ್ನು ಕೂರಿಸಿದ ವ್ಯವಸ್ಥೆಗೆ ಆ ಪದವೇ ಸಾಕ್ಷಿ. ಈಗ ಹಣವುಳ್ಳವರು ತಾವಾಗಿಯೇ ಊರಾಚೆಗೆ ಬಂದಿದ್ದಾರೆ. ಚದರಡಿ ಲೆಕ್ಕದಲ್ಲಿ ಅದನ್ನು ಕೊಂಡು ಉಪನಗರ ಅಂತ ಕರೆದುಕೊಂಡಿದ್ದಾರೆ. ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡಿನ ಅಂಥದೊಂದು ಅಪಾರ್ಟ್‌ಮೆಂಟಿನಲ್ಲಿ ನಾನೂ ಬಾಡಿಗೆಗಿದ್ದೇನೆ. ನನ್ನ ಪ್ರಶ್ನೆ ಇಷ್ಟೆ: ಊರು ಊರಾಚೆಗೆ ಬಂದಾಗ, ಮೊದಲೇ ಅಲ್ಲಿದ್ದವರು ಎಲ್ಲಿಗೆ ಹೋದರು?

ವೈಟ್‌ಫೀಲ್ಡಿನ ಚರಿತ್ರೆಯನ್ನು ಸಾಮಾನ್ಯವಾಗಿ 1882ರಿಂದ ಶುರುಮಾಡುತ್ತಾರೆ. ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು, ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ಬಿಳಿಯರೂ ಪೂರ್ತಿ ಸೇರಿಸಿಕೊಳ್ಳದ, ಇಲ್ಲಿಯವರೂ ತಮ್ಮವರೆನ್ನದ ಜನ ಬೇಸಾಯ ಮಾಡಿ ಬದುಕೋಣ ಅಂತ ಬಂದರು. ಅವರ ಕನಸಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಸುತ್ತಿನಲ್ಲಿ ಪಟ್ಟಂದೂರು ಅಗ್ರಹಾರ, ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿಗಳು ಅದಕ್ಕೂ ಮುಂಚೆ ಇದ್ದವು. ಬ್ರಾಹ್ಮಣರಿಗೆ ಭೂದಾನವಾಗಿತ್ತು ಅನ್ನೋದನ್ನ ಅಗ್ರಹಾರ ಎಂಬ ಹೆಸರೇ ಸಾರಿ ಹೇಳುತ್ತೆ. ದಾನ ಪಡೆದವರ ಗುರುತು ಊರಿನ ಹೆಸರಾಗಿ ಉಳಿಯಿತು. ಆ ನೆಲ ಉತ್ತವರ ಹೆಸರೆಲ್ಲಿ?

ಬೆಂಗಳೂರಿಗೆ ಉಪನಗರದ ಪಾಠ ಕಲಿಸಿದ್ದು ಪ್ಲೇಗು. 1898ರಲ್ಲಿ ಆ ಮಾರಿ ಪೇಟೆಗೆ ಬಡಿದಾಗ, ಅದಕ್ಕೆ ತುಸು ಮುಂಚೆಯೇ ಯೋಜಿಸಿದ್ದ ಮಲ್ಲೇಶ್ವರ, ಬಸವನಗುಡಿಗಳ ಕೆಲಸ ಜೋರಾಯಿತು. ಅಗಲ ರಸ್ತೆ, ಗಾಳಿ, ಬೆಳಕು. ಎಲ್ಲ ಹೊಸದು. ಆದರೆ ನಿವೇಶನ ಹಂಚಿಕೆ ಮಾತ್ರ ಜಾತಿವಾರು ಬ್ಲಾಕುಗಳಲ್ಲಿ! ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟರು, ಮಲ ಬಳಿಯುವವನು ಮುಂಬಾಗಿಲ ಬೀದಿಗೆ ಕಾಣದ ಹಾಗೆ ಬಂದು ಹೋಗಲಿ ಅಂತ. ಆರೋಗ್ಯಶಾಸ್ತ್ರವೂ ಮನುಶಾಸ್ತ್ರವೂ ಒಂದೇ ನಕ್ಷೆಯಲ್ಲಿ ಕೂತವು. ಇದನ್ನು ನಾವು ಆಧುನಿಕತೆ ಅಂತ ಓದಿದೆವು.

ಆ ಹಿಂದಿನ ಓಣಿಯೇ ಇವತ್ತು ಎದ್ದು ನಿಂತು ಸರ್ವಿಸ್ ಲಿಫ್ಟ್ ಆಗಿದೆ. ನಮ್ಮ ಕಟ್ಟಡದಲ್ಲಿ ಮೂರು ಲಿಫ್ಟುಗಳಿವೆ. ಎರಡು ನಿವಾಸಿಗಳಿಗೆ. ಒಂದು ಸಾಮಾನು, ಕಸ, ಕೆಲಸದವರಿಗೆ. ಹದಿನಾಲ್ಕನೇ ಮಹಡಿವರೆಗೆ ಪಾತ್ರೆ ತಿಕ್ಕಲು ಹೋಗುವ ರಾಯಚೂರು ಕಡೆಯ ಹೆಂಗಸೊಬ್ಬಳು ಹೇಳಿದಳು: 'ಆ ಲಿಫ್ಟ್ ಕೆಟ್ರ ಮೆಟ್ಲಾ ಹತ್ತಬೇಕ್ರಿ. ನಿಮ್ಮ ಲಿಫ್ಟಿನ್ಯಾಗ ಬರಂಗಿಲ್ರಿ ನಾವು.' ಇಲ್ಲಿ ಯಾರೂ ಮುಟ್ಟಬೇಡ ಅನ್ನೋಲ್ಲ. ಅಸೋಸಿಯೇಶನ್ನಿನ ನಿಯಮ ಅಂತಾರೆ.

1917ರಲ್ಲಿ ಬರೋಡಾದಲ್ಲಿ ಅಂಬೇಡ್ಕರರಿಗೆ ಸಂಸ್ಥಾನದ ನೌಕರಿ ಇತ್ತು, ಅಮೆರಿಕದಲ್ಲಿ ಓದಿದ ವಿದ್ಯೆ ಇತ್ತು. ತಲೆ ಮರೆಸಿಕೊಂಡು ತಂಗಿದ್ದ ಪಾರ್ಸಿ ವಸತಿಗೃಹದಿಂದ ಮಾತ್ರ ದೊಣ್ಣೆ ಹಿಡಿದು ಹೊರಹಾಕಿದರು. ಈಗ ದೊಣ್ಣೆ ಬೇಕಿಲ್ಲ. ಮನೆ ಹುಡುಕುವಾಗ ಮಾಲೀಕರೊಬ್ಬರು ನನ್ನನ್ನು ಕೇಳಿದ್ದು ಎರಡೇ: 'ವೆಜ್ಜಾ? ನೇಟಿವ್ ಯಾವುದು?' ಉತ್ತರ ಕೇಳಿ, 'ಆಗಲೇ ಬೇರೆಯವರು ಅಡ್ವಾನ್ಸ್ ಕೊಟ್ಬಿಟ್ರಲ್ಲ' ಅಂದರು. ಜಾತಿಯ ಹೆಸರು ಒಂದು ಸಲವೂ ಬರಲಿಲ್ಲ. ನಮ್ಮ ಉಪನಗರದ ಸಭ್ಯತೆ ಅಂದರೆ ಇದೇ.

ಇಲ್ಲಿನ ಬದುಕು ಗಡಿಯಾರದ್ದು. ಬೆಳಿಗ್ಗೆ ಎಂಟಕ್ಕೆ ಕಾರು, ಕ್ಯಾಬು, 2023ರಿಂದ ಮೆಟ್ರೋ. ಒಂದು ಸಮೂಹ ಗೇಟಿನಿಂದ ಹೊರಡುತ್ತೆ, ಇನ್ನೊಂದು ಸಮೂಹ ಅದೇ ಗೇಟಿನಲ್ಲಿ ಬ್ಯಾಗು ತೋರಿಸಿ ಒಳಗೆ ಬರುತ್ತೆ. ಹಗಲಿಡೀ ಈ ಊರು ನಡೆಯೋದು ಹೊರಗಿನವರು ಅನ್ನಿಸಿಕೊಂಡವರ ಕೈಯಿಂದಲೇ. ಸಂಜೆ ಅವರು ಕಾಣೆಯಾಗುತ್ತಾರೆ. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಅವರಿಗೂ ನನ್ನದು ಬೇಕಿಲ್ಲ. ಈ ಅನಾಮಿಕತೆಯಲ್ಲಿ ನಮ್ಮಂಥವರಿಗೆ ಒಂದು ಬಿಡುಗಡೆ ಇದೆ, ಸುಳ್ಳು ಹೇಳಲಾರೆ. ಆದರೆ ಬಾಯಿಬಿಡದೆ ಇದ್ದಷ್ಟು ದಿನ ಮಾತ್ರ ಸಿಗೋದು ಎಂಥ ಬಿಡುಗಡೆ?

ಗೇಟಿನ ರಾತ್ರಿ ಪಾಳಿಯ ಮುದುಕ ಪಕ್ಕದ ಹಳ್ಳಿಯವನು. ಮೊದಲು ಸಾರ್ ಅನ್ನುತ್ತಿದ್ದ. ಮಾತಿಗೆ ಮಾತು ಬೆಳೆದು ಗೊತ್ತಾದ ಮೇಲೆ, 'ನಮ್ಮೋನೇ ಕಣಪ್ಪ ನೀನು' ಅಂದ. 'ಆ ನಾಲ್ಕನೇ ಟವರ್ ಐತಲ್ಲ, ಅಲ್ಲಿತ್ತು ನಮ್ಮಪ್ಪನ ನೀರಗಂಟಿ ಮಾನ್ಯ. ಕೆರೆ ತೂಬು ಎತ್ತೋನು ಅವನೇ.' ಕೆರೆ ನೀರನ್ನು ಸರದಿ ಪ್ರಕಾರ ಹೊಲಹೊಲಕ್ಕೆ ಹಂಚುತ್ತಿದ್ದವನ ಮಗ ಈಗ ಟ್ಯಾಂಕರ್ ಬಂದಾಗ ರಿಜಿಸ್ಟರಿನಲ್ಲಿ ನಂಬರು ಬರೆಯುತ್ತಾನೆ. ಬೆಂಗಳೂರಿನ ಕೊಳಚೆ ಹರಿದು ಬಂದ ವರ್ತೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಕ್ಕಿಸಿತು. ಇಂಥ ಕೆರೆಗಳ ತೂಬಿನ ವಿದ್ಯೆ ಗೊತ್ತಿದ್ದವರನ್ನು ಆಗ ಯಾರು ಕರೆದು ಕೇಳಿದರು?

ಈ ನೆಲ ಹೇಗೆ ಕೈಬಿಟ್ಟಿತು ಅನ್ನೋದಕ್ಕೆ ಕಾನೂನಿನ ಚರಿತ್ರೆಯನ್ನೂ ಓದಬೇಕು. 1961ರ ಕಾಯ್ದೆ ಗ್ರಾಮ ಚಾಕರಿಗಳನ್ನು ರದ್ದು ಮಾಡಿತು. 1978ರ ಪಿ.ಟಿ.ಸಿ.ಎಲ್. ಕಾಯ್ದೆ, ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ ವಾಪಸು ಕೊಡಿಸುವ ದಾರಿ ತೋರಿಸಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ವಂಶಪಾರಂಪರ್ಯ ಚಾಕರಿ ರದ್ದಾದಾಗ ಬಂದ ಜಮೀನನ್ನು ಕಾಯ್ದೆಯ ವ್ಯಾಖ್ಯೆಯೇ ಹೊರಗಿಟ್ಟಿತು. ಅಂದರೆ ತೋಟಿ, ತಳವಾರ, ನೀರಗಂಟಿಯಾಗಿ ತಲೆಮಾರುಗಟ್ಟಲೆ ದುಡಿದು ಹಿಡಿದಿದ್ದ ನೆಲಕ್ಕೆ ಆ ರಕ್ಷಣೆ ಇಲ್ಲ. 2017ರಲ್ಲಿ ಅದೇ ನ್ಯಾಯಾಲಯ, ತೀರಾ ತಡವಾಗಿ ಬಂದ ಅರ್ಜಿ ನಿಲ್ಲದು ಎಂದಿತು. ಕಾಲಮಿತಿ ಇಲ್ಲ ಅಂತ ರಾಜ್ಯ 2023ರಲ್ಲಿ ತಿದ್ದುಪಡಿ ತರಬೇಕಾಯಿತು. ಆ ಹೊತ್ತಿಗೆ ರಾಗಿ ಹೊಲಗಳ ಮೇಲೆ ಈಜುಕೊಳಗಳು ಎದ್ದಿದ್ದವು.

ನೆಲ ಹೋಯಿತು, ಹಳೇ ಚಾಕರಿ ಹೋಗಲಿಲ್ಲ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದರೂ 2018ರ ಜನವರಿಯಲ್ಲಿ, ಇದೇ ಬೆಂಗಳೂರಿನ ಸೋಮಸುಂದರಪಾಳ್ಯದಲ್ಲಿ, ಅಪಾರ್ಟ್‌ಮೆಂಟೊಂದರ ಕೊಳಚೆ ಶುದ್ಧೀಕರಣ ಘಟಕ ತೊಳೆಯಹೋದ ಮೂವರು ಉಸಿರುಗಟ್ಟಿ ಸತ್ತರು. ಮಹಡಿ ಮೇಲಿನವರ ಕೊಳೆ ನೆಲಮಾಳಿಗೆಯಲ್ಲಿ ಇನ್ನೊಬ್ಬರ ಸಾವಾಗುತ್ತೆ. ಉಪನಗರದ ಶುಭ್ರತೆಗೆ ಬೆಲೆ ಕಟ್ಟುವವರು ಇದನ್ನು ಯಾವ ಖಾತೆಗೆ ಬರೆಯುತ್ತಾರೆ?

ದಲಿತ ವಿಮರ್ಶೆ ಕತೆ ಕವಿತೆಗಳ ಒಳಗೇ ಸುತ್ತುತ್ತಾ ಕೂತರೆ ಸಾಲದು. ಬಂಗಲೆಗಳ ಹೆಂಚು, ಕಮಾನುಗಳ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ. ನಾವು ಪಹಣಿಯನ್ನು, ಇನಾಮು ರಿಜಿಸ್ಟರನ್ನು, ಗ್ರಾಮ ನಕ್ಷೆಯನ್ನು ಸಾಹಿತ್ಯ ಕೃತಿಯಷ್ಟೇ ಎಚ್ಚರದಿಂದ ಓದಬೇಕು. ಈ ಟವರುಗಳ ಕ್ರಯಪತ್ರದಲ್ಲಿ ಹಳ್ಳಿಯ ಸರ್ವೆ ನಂಬರು ಇದ್ದೇ ಇರುತ್ತೆ. ಓದುತ್ತಿರುವ ಹುಡುಗ ಹುಡುಗಿಯರು ಅಲ್ಲಿಂದ ಹಿಂದಕ್ಕೆ ನಡೆಯಲಿ. ತೂಬು ಎತ್ತಿದವನ ಹೆಸರು ಸಿಗೋವರೆಗೂ ನಿಲ್ಲಬಾರದು.